ಹಾಸನದ ಕುದುರೆ ಪುನಶ್ಚೇತನ ತರಬೇತಿ: ಕೈಗೆ ಹತ್ತುವುದೆಷ್ಟು, ಕಡತದಲ್ಲಿ ಉಳಿಯುವುದೆಷ್ಟು

ಮೊದಲೇ ಹೇಳಿಬಿಡುತ್ತೇವೆ: ಹತ್ತು ದಿನದ ಮೊದಲ ಹಂತಕ್ಕೆ ಕೊಟ್ಟ ದುಡ್ಡು ದಂಡವಲ್ಲ. ನಾಲ್ಕು ದಿನದ ಎರಡನೇ ಹಂತ ಸದ್ಯಕ್ಕೆ ಬೇಡ.

ಹಾಸನದಿಂದ ಸಕಲೇಶಪುರದ ಕಡೆಗೆ ಹೋಗುವ ದಾರಿಯ ಖಾಸಗಿ ಲಾಯವೊಂದು ಕ್ರೀಡಾ ಕುದುರೆಗಳ ಪುನಶ್ಚೇತನ ಮತ್ತು ಕಂಡೀಶನಿಂಗ್ (ಮೈಯನ್ನು ಕೆಲಸಕ್ಕೆ ಹದಗೊಳಿಸುವುದು) ಬಗ್ಗೆ ವಸತಿ ಸಮೇತ ತರಬೇತಿ ಕೊಡುತ್ತಿದೆ. ರೇಸ್‌ಕೋರ್ಸ್ ಇರುವುದು ಬೆಂಗಳೂರು, ಮೈಸೂರಿನಲ್ಲಿ. ತಳಿ ಸಾಕಣೆಗೆ ಹೆಸರಾದದ್ದು ಕುಣಿಗಲ್. ಹಾಸನದಲ್ಲಿರುವುದು ಪಶುವೈದ್ಯಕೀಯ ಕಾಲೇಜು, ತಂಪು ಹವೆ ಮತ್ತು ಜಾಗ. ಗಾಯಗೊಂಡ ಕುದುರೆಗೆ ಬೇಕಾದದ್ದೂ ಹೆಚ್ಚುಕಡಿಮೆ ಇಷ್ಟೇ. ನಡೆಸುವವರ ಹೆಸರು ಇಲ್ಲಿ ಹಾಕಿಲ್ಲ. ಇಂಥ ತರಬೇತಿ ಬೇರೆ ಕಡೆ ಸಿಕ್ಕರೂ ಇದೇ ಅಂಶಗಳನ್ನು ಹಿಡಿದು ತೂಗಿ ನೋಡಬಹುದು.

ಒಂದು ತಂಡಕ್ಕೆ ಹನ್ನೆರಡು ಜನ, ಅಭ್ಯಾಸಕ್ಕೆ ಆರು ಕುದುರೆ. ಬರುವವರಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳು, ಸವಾರಿ ಶಾಲೆಯ ತರಬೇತುದಾರರು, ಒಂದಿಬ್ಬರು ಪಶುವೈದ್ಯ ವಿದ್ಯಾರ್ಥಿಗಳು, ಎಸ್ಟೇಟಿನಲ್ಲಿ ಕುದುರೆ ಸಾಕಿಕೊಂಡ ಮಲೆನಾಡಿನ ಮಾಲೀಕರು ಇರುತ್ತಾರೆ. ಕಲಿಸುವ ಭಾಷೆ ಕನ್ನಡ. ನಡುವೆ ಲಾಯದ ಹಿಂದಿ, ಉರ್ದು ಮಾತುಗಳು ತಾವಾಗಿಯೇ ಬರುತ್ತವೆ. ಇದು ಸಣ್ಣ ವಿಷಯವಲ್ಲ. ಕುದುರೆಯ ಕಾಲನ್ನು ದಿನಕ್ಕೆ ನಾಲ್ಕು ಸಲ ಮುಟ್ಟುವವನು ಸೈಸ್. ಅವನಿಗೆ ಅರ್ಥವಾಗದ ಪಾಠದಿಂದ ಮಾಲೀಕನಿಗೂ ಲಾಭವಿಲ್ಲ.

ಆರರಲ್ಲಿ ನಾಲ್ಕು ಕುದುರೆ ರೇಸಿನಿಂದ ಹೊರಬಂದ, ಓಟಕ್ಕೆಂದೇ ಬೆಳೆಸುವ ತಳಿಯ ಥರೋಬ್ರೆಡ್‌ಗಳು. ಹಾಗಾಗಿ ಪಾಠದ ಅರ್ಧ ಭಾಗವನ್ನು ಮುಂಗಾಲಿನ ಟೆಂಡನ್ನೇ (ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿನ ಪಟ್ಟಿ) ತಿನ್ನುತ್ತದೆ, ಅದು ಸರಿಯೂ ಹೌದು. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಚರ್ಮಕ್ಕೆ ತಾಗಿದಂತೆ ಇಳಿಯುವ ಈ ಮೇಲ್ಪದರದ ಟೆಂಡನ್ ನಾಗಾಲೋಟದಲ್ಲಿ ತನ್ನ ಮಿತಿಯ ಅಂಚಿನವರೆಗೆ ಹಿಗ್ಗುತ್ತದೆ. ಒಳಗಿನ ಎಳೆಗಳು ಹರಿದರೆ ಮೊದಮೊದಲು ತುಂಬಿಕೊಳ್ಳುವುದು ಅಡ್ಡಾದಿಡ್ಡಿ ಹಬ್ಬಿದ, ಬಲವಿಲ್ಲದ ಕೊಲಾಜನ್ ಎಂಬ ನಾರಿನ ಪ್ರೋಟೀನ್. ಅದು ಉದ್ದಕ್ಕೆ ಸಾಲಾಗಿ ಕೂರಬೇಕಾದರೆ ಅಳತೆಯ ಭಾರ ಬೀಳಬೇಕು. ಬರೀ ಲಾಯದಲ್ಲಿ ನಿಲ್ಲಿಸಿದರೆ ಗಾಯ ಮುಚ್ಚುತ್ತದೆ, ಗಟ್ಟಿಯಾಗುವುದಿಲ್ಲ. ಮೈದಾನಕ್ಕೆ ಬಿಟ್ಟುಬಿಟ್ಟರೆ ಒಂದೇ ಜಿಗಿತಕ್ಕೆ ಮತ್ತೆ ಹರಿಯುತ್ತದೆ. ಇವೆರಡರ ನಡುವಿನ ದಾರಿಯೇ ಕೈಯಲ್ಲಿ ಹಿಡಿದು ನಡೆಸುವುದು. ಅದರ ಲೆಕ್ಕವನ್ನು ಇಲ್ಲಿ ನಿಮಿಷದ ಅಳತೆಯಲ್ಲಿ ಕಲಿಸುತ್ತಾರೆ.

ಅವರು ಕೊಡುವ ಪಟ್ಟಿ ಇಂತಿದೆ. ಮೊದಲ ಎರಡು ವಾರ ಲಾಯದ ವಿಶ್ರಾಂತಿ, ತಂಪು, ಬ್ಯಾಂಡೇಜ್. ಮೂರನೇ ವಾರದಿಂದ ದಿನಕ್ಕೆ ಎರಡು ಸಲ 10 ನಿಮಿಷ ನಡಿಗೆ. ವಾರಕ್ಕೆ 5 ನಿಮಿಷದಂತೆ ಏರಿಸುತ್ತ ಮೂರು ತಿಂಗಳ ಹೊತ್ತಿಗೆ ಒಂದು ಸಲಕ್ಕೆ 40ರಿಂದ 50 ನಿಮಿಷ. ಅಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್. ಎಳೆಗಳು ಸಾಲಾಗಿ ಕಂಡರೆ ಸವಾರ ಹತ್ತಿ ನಡಿಗೆ, ಆಮೇಲೆ 5 ನಿಮಿಷದ ಟ್ರಾಟ್ (ಸಣ್ಣ ಓಟ). ಟ್ರಾಟ್ ಬೆಳೆಯುತ್ತ ಬೆಳೆಯುತ್ತ ಆರೇಳು ತಿಂಗಳಿಗೆ ಕ್ಯಾಂಟರ್ (ಅದಕ್ಕಿಂತ ಚುರುಕಿನ ಓಟ), ಪೂರ್ತಿ ಕೆಲಸ 9ರಿಂದ 12 ತಿಂಗಳಿಗೆ. ಪ್ರತಿ ಮೆಟ್ಟಿಲಿಗೂ ಮುಂಚೆ ಒಂದು ಸ್ಕ್ಯಾನ್. ಟೆಂಡನ್ನಿನ ಅಡ್ಡಕೊಯ್ತದ ವಿಸ್ತೀರ್ಣ ಹಿಂದಿನ ಸ್ಕ್ಯಾನಿಗಿಂತ ಶೇ. 10ಕ್ಕೂ ಹೆಚ್ಚು ಬೆಳೆದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಪಟ್ಟಿ ಗಾಯದ ಗಾತ್ರಕ್ಕೆ ತಕ್ಕಂತೆ ಹಿಗ್ಗಬಹುದು, ಕುಗ್ಗಬಾರದು ಎಂದು ಅಲ್ಲಿನ ವೈದ್ಯರು ಹೇಳುವುದು ಗಟ್ಟಿ ಮಾತು.

ಈ ಪಟ್ಟಿ ಯಾವ ಪಠ್ಯದಲ್ಲಾದರೂ ಸಿಕ್ಕೀತು. ತರಬೇತಿಯ ಬೆಲೆ ಇರುವುದು ಪಟ್ಟಿ ಎಲ್ಲಿ ಮುರಿಯುತ್ತದೆ ಎಂದು ತೋರಿಸುವುದರಲ್ಲಿ. ಟೆಂಡನ್ ಏಟು ಬಿದ್ದ ಕುದುರೆ ನಾಲ್ಕಾರು ವಾರಕ್ಕೆ ಕುಂಟುವುದನ್ನು ನಿಲ್ಲಿಸುತ್ತದೆ. ಊತ ಇಳಿದಿರುತ್ತದೆ, ಬಿಸಿ ಇರುವುದಿಲ್ಲ. ಮಾಲೀಕ "ವಾಸಿಯಾಯ್ತಲ್ಲ" ಎಂದು ಜೀನು ಬಿಗಿಯುವುದು ಆಗಲೇ. ಒಳಗೆ ನೋಡಿದರೆ ಆ ಹೊತ್ತಿಗೆ ಎಳೆಗಳು ಇನ್ನೂ ಹಸಿ. ಒಂದೇ ಕುದುರೆಯ ಆರನೇ ವಾರದ ಮತ್ತು ಆರನೇ ತಿಂಗಳ ಸ್ಕ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತಾರೆ. ಮೊದಲನೆಯದರಲ್ಲಿ ಟೆಂಡನ್ನಿನ ನಡುವೆ ಕಪ್ಪು ಚುಕ್ಕೆ, ಎರಡನೆಯದರಲ್ಲಿ ಬೂದು ಬಣ್ಣ ತುಂಬಿದ್ದರೂ ಎಳೆಗಳು ಇನ್ನೂ ಚದುರಿದಂತೆ. ಇದನ್ನು ಕಂಡವರು ಅವಸರದ ಮಾಲೀಕನಿಗೆ ಉತ್ತರ ಹೇಳಬಲ್ಲರು.

ಎರಡನೆಯ ಅಪಾಯ ನಡಿಗೆಯ ಮೊದಲ ದಿನವೇ. ಹದಿನೈದು ದಿನ ಕಟ್ಟಿಹಾಕಿದ ಥರೋಬ್ರೆಡ್ ಬಾಗಿಲು ದಾಟಿದ ಕೂಡಲೇ ಮುಂಗಾಲು ಎತ್ತುತ್ತದೆ, ಹಿಂಗಾಲು ಝಾಡಿಸುತ್ತದೆ. ಎರಡು ವಾರದ ಕೆಲಸ ಎರಡು ಸೆಕೆಂಡಿಗೆ ಹೋಗುತ್ತದೆ. ಹೊಟ್ಟೆಗೆ ಹುಲ್ಲು ಬಿದ್ದ ಮೇಲೆ, ಪಕ್ಕದ ಲಾಯದ ಕುದುರೆಗಳು ಓಡುವ ಹೊತ್ತು ತಪ್ಪಿಸಿ, ಬರೀ ಹಗ್ಗದ ಬದಲು ಕಡಿವಾಣ ಹಾಕಿ ಹೊರಗೆ ತರಬೇಕು. ತೀರಾ ಚುರುಕಿನ ಕುದುರೆಗೆ ವೈದ್ಯರನ್ನು ಕೇಳಿ ಮೊದಲ ದಿನಗಳಲ್ಲಿ ಹಗುರವಾದ ಮಂಪರು ಮದ್ದು ಕೊಡಿಸುವುದೂ ತಪ್ಪಲ್ಲ. ನಡೆಸುವ ನೆಲ ಸಮತಟ್ಟಾಗಿ, ಗಟ್ಟಿಯಾಗಿ, ನೇರವಾಗಿ ಇರಬೇಕು. ಆಳದ ಮರಳು ಟೆಂಡನ್ನಿಗೆ, ಅದರ ಒಳಗೆ ಗಂಟನ್ನು ಎತ್ತಿ ಹಿಡಿಯುವ ಸಸ್ಪೆನ್ಸರಿ ಲಿಗಮೆಂಟಿಗೆ ಹೆಚ್ಚು ದುಡಿಮೆ. "ಮೆತ್ತಗಿದೆ, ಒಳ್ಳೇದು" ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಲಂಜಿಂಗ್, ಅಂದರೆ ಉದ್ದ ಹಗ್ಗದಲ್ಲಿ ಸುತ್ತು ಓಡಿಸುವುದು, ಈ ಹಂತದಲ್ಲಿ ಪೂರಾ ನಿಷೇಧ. ಏರು ಇಳಿತವೂ ಆಮೇಲಿನ ಮಾತು. ಇಳಿಜಾರು ಮುಂಗಾಲಿನ ಮೇಲೆ ಭಾರ ಹಾಕುತ್ತದೆ, ಚಿಕ್ಕಮಗಳೂರು ಕಡೆಯ ತೋಟಗಳ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಏರು ಹತ್ತಿಸುವುದು ಹಿಂಭಾಗದ ಸ್ನಾಯುಗಳಿಗೆ ಚೆನ್ನಾದ ವ್ಯಾಯಾಮ. ಆದರೆ ಹತ್ತಿದ ಕುದುರೆ ಇಳಿಯಲೂ ಬೇಕಲ್ಲ.

ಬ್ಯಾಂಡೇಜ್ ಪಾಠ ಎಲ್ಲದಕ್ಕಿಂತ ಚೆನ್ನಾಗಿತ್ತು. ಕೆಳಗೆ ಹತ್ತಿಯ ಪ್ಯಾಡ್ ಕನಿಷ್ಠ ಎರಡು ಬೆರಳು ದಪ್ಪ, ಸುಕ್ಕಿಲ್ಲದೆ. ಸುತ್ತುವ ಪಟ್ಟಿ ಮೊಣಕಾಲಿನ ಕೆಳಗಿನ ನಳಿಗೆ ಮೂಳೆಯ ನಡುವಿನಿಂದ ಶುರುವಾಗಿ ಕೆಳಗೆ ಫೆಟ್‌ಲಾಕ್ ಗಂಟನ್ನು (ನಳಿಗೆ ಮೂಳೆಯ ಕೆಳತುದಿಯ ಕೀಲು) ಹಿಡಿದು ಮತ್ತೆ ಮೇಲೆ ಬಂದು ಮೊಣಕಾಲಿನ ಕೆಳಗೆ ಮುಗಿಯಬೇಕು. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಸುತ್ತುವ ದಿಕ್ಕು ಮುಂದಿನಿಂದ ಹೊರಬದಿಗೆ, ಅಲ್ಲಿಂದ ಹಿಂದಕ್ಕೆ: ಮೇಲಿನಿಂದ ನೋಡಿದರೆ ಎಡಗಾಲಿಗೆ ಗಡಿಯಾರದ ವಿರುದ್ಧ, ಬಲಗಾಲಿಗೆ ಗಡಿಯಾರದ ದಿಕ್ಕು. ಬಿಗಿ ಎಳೆಯುವುದು ಮುಂದಿನ ಮೂಳೆಯ ಮೇಲೆ ಮಾತ್ರ, ಹಿಂದಿನ ಟೆಂಡನ್ ಮೇಲೆ ಎಂದೂ ಅಲ್ಲ. ಪ್ಯಾಡ್ ಮೇಲೂ ಕೆಳಗೂ ಪಟ್ಟಿಯಿಂದ ಒಂದು ಬೆರಳು ಹೊರಗೆ ಇಣುಕಬೇಕು. ತರಬೇತುದಾರರು ಒಬ್ಬೊಬ್ಬರ ಬ್ಯಾಂಡೇಜನ್ನೂ ಬಿಚ್ಚಿ ಕೂದಲ ಮೇಲಿನ ಗುರುತು ತೋರಿಸುತ್ತಾರೆ. ಒಂದೇ ಕಡೆ ಅಡ್ಡಗೆರೆ ಬಿದ್ದಿದ್ದರೆ ಆ ಸುತ್ತು ಉಳಿದವಕ್ಕಿಂತ ಬಿಗಿ ಎಂದರ್ಥ. ಅದೇ ಗೆರೆ ಒಂದು ರಾತ್ರಿ ಉಳಿದರೆ ಬ್ಯಾಂಡೇಜೇ ಟೆಂಡನ್ನಿಗೆ ಏಟು ಮಾಡಿರುತ್ತದೆ. 12 ಗಂಟೆಗೊಮ್ಮೆ ಬಿಚ್ಚಿ, ಕೈಯಾಡಿಸಿ, ಮತ್ತೆ ಕಟ್ಟುವುದು ನಿಯಮ. ಒಬ್ಬೊಬ್ಬರಿಗೂ ಸಾಕು ಸಾಕು ಎನ್ನುವಷ್ಟು ಸಲ ಕಟ್ಟಿಸುತ್ತಾರೆ.

ತಂಪಿನ ಬಗ್ಗೆಯೂ ಗೊಂದಲವಿಲ್ಲದ ಪಾಠ. ಏಟು ಬಿದ್ದ ಮೊದಲ 48ರಿಂದ 72 ಗಂಟೆ, ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ 15–20 ನಿಮಿಷ. ಬರೀ ಐಸ್ ಕಟ್ಟುವುದಕ್ಕಿಂತ ಐಸ್ ಕಲಸಿದ ನೀರು ಕಾಲನ್ನು ಎಲ್ಲ ಕಡೆಯಿಂದ ತಬ್ಬುವುದರಿಂದ ಬೇಗ ತಂಪಾಗುತ್ತದೆ. ಮೀನಿನ ಅಂಗಡಿಯವರಿಂದ ಸಿಗುವ ಪುಡಿ ಐಸ್, ಎತ್ತರದ ರಬ್ಬರ್ ಬಕೆಟ್ ಸಾಕು. ವಿದೇಶಿ ಐಸ್ ಬೂಟು ಬೇಕಿಲ್ಲ ಎಂದು ಅವರೇ ಹೇಳುತ್ತಾರೆ. ಉಪಕರಣ ಮಾರುವ ಆಸೆ ಮೊದಲ ಹಂತದಲ್ಲಿ ಕಾಣಲಿಲ್ಲ.

ಕುಂಟು ಗುರುತಿಸುವ ಪಾಠಕ್ಕೆ ಇನ್ನೂ ಒಂದು ದಿನ ಬೇಕಿತ್ತು. ಮುಂಗಾಲು ನೋಯುವ ಕುದುರೆ ಆ ಕಾಲು ಊರಿದಾಗ ತಲೆ ಎತ್ತುತ್ತದೆ, ಸರಿಯಿರುವ ಕಾಲು ಊರಿದಾಗ ತಲೆ ತಗ್ಗಿಸುತ್ತದೆ ಎಂಬುದನ್ನು ಎಲ್ಲರೂ ಅರ್ಧ ಗಂಟೆಯಲ್ಲಿ ಹಿಡಿಯುತ್ತಾರೆ. ಹಿಂಗಾಲಿನದ್ದು ಹಾಗಲ್ಲ; ಸೊಂಟದ ಎರಡೂ ಬದಿಯ ಏರಿಳಿತ ಹೋಲಿಸುವ ಕಣ್ಣು ಬರಲು ಹತ್ತಾರು ಕುದುರೆ ನೋಡಬೇಕು. ಇಲ್ಲಿರುವುದು ಆರು. ಬೆಂಗಳೂರಿನ ಲಾಯಗಳ ವಿಡಿಯೊ ತೋರಿಸಿ ಸರಿದೂಗಿಸುತ್ತಾರೆ, ಅಷ್ಟಕ್ಕಷ್ಟೆ. ಬೆಳಗಿನ ತಪಾಸಣೆಯ ಅಭ್ಯಾಸ ಮಾತ್ರ ಅಚ್ಚುಕಟ್ಟು: ಕುದುರೆ ಲಾಯದಿಂದ ಹೊರಡುವ ಮೊದಲೇ ಎರಡೂ ಕಾಲುಗಳನ್ನು ಕೈಬೆನ್ನಿನಿಂದ ಮುಟ್ಟಿ ಬಿಸಿ ಹೋಲಿಸುವುದು, ಕಾಲು ಎತ್ತಿ ಹಿಡಿದು ಟೆಂಡನ್ನನ್ನು ಎರಡು ಬೆರಳ ನಡುವೆ ಒತ್ತಿ ನೋಡುವುದು, ಗೊರಸಿನ ಮೇಲಿನ ನಾಡಿ ನೋಡುವುದು, ನಿಮಿಷ ಮತ್ತು ನೆಲವನ್ನು ಪುಸ್ತಕದಲ್ಲಿ ಬರೆಯುವುದು. ನಿನ್ನೆಯ ಕೆಲಸ ಹೆಚ್ಚಾಯಿತೋ ಇಲ್ಲವೋ ಎಂಬುದಕ್ಕೆ ಇಂದಿನ ಬೆಳಗಿನ ಕಾಲೇ ಸಾಕ್ಷಿ.

ಕಂಡೀಶನಿಂಗ್ ಭಾಗ ಹೃದಯ ಬಡಿತದ ಸುತ್ತ ತಿರುಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಪೂರ್ಣ ವೇಗದಲ್ಲಿ 220 ದಾಟಬಹುದು. ಎಡ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಎಲ್ಲರಿಗೂ ಕಲಿಸುತ್ತಾರೆ. ಅದರ ಮಿತಿಯನ್ನೂ ಹೇಳುತ್ತಾರೆ: ಕುದುರೆ ನಿಂತ ಮೊದಲ ಅರ್ಧ ನಿಮಿಷದಲ್ಲೇ ಬಡಿತ ಸರ್ರನೆ ಇಳಿಯುವುದರಿಂದ ಇಳಿದು ಎಣಿಸಿದ ಸಂಖ್ಯೆ ಓಟದ ಸಂಖ್ಯೆಯಲ್ಲ. ಅದಕ್ಕೆ ಜೀನಿನ ಕೆಳಗೆ ಕಟ್ಟುವ ಮಾನಿಟರ್ ಬೇಕು. ಕೂದಲು ಒಣಗಿದ್ದರೆ ಮಾನಿಟರ್ ಸುಳ್ಳು ಹೇಳುತ್ತದೆ, ಕಟ್ಟುವ ಮುಂಚೆ ಜಾಗವನ್ನು ಚೆನ್ನಾಗಿ ನೆನೆಸಬೇಕು. ದಿನವೂ ಮಾಡುವ ಅದೇ ಕೆಲಸಕ್ಕೆ ಎಂದಿಗಿಂತ ಹದಿನೈದಿಪ್ಪತ್ತು ಬಡಿತ ಹೆಚ್ಚು ಬಂದರೆ ಕುದುರೆ ಸೋಮಾರಿಯಾಗಿಲ್ಲ. ಎಲ್ಲೋ ನೋವಿದೆ, ಇಲ್ಲವೇ ಜ್ವರ ಶುರುವಾಗುತ್ತಿದೆ.

ಇಂಟರ್ವಲ್ ತರಬೇತಿಗೆ (ಬಿಟ್ಟು ಬಿಟ್ಟು ಓಡಿಸುವುದು) ಕೊಡುವ ಮಾದರಿ ಸರಳ: ಐದು ನಿಮಿಷದ ಟ್ರಾಟ್ ಮೂರು ಸಲ, ನಡುವೆ ಬಡಿತ 100ರ ಕೆಳಗೆ ಇಳಿಯುವವರೆಗೆ ನಡಿಗೆ. ದೂರ, ವೇಗ, ವಾರಕ್ಕೆ ಎಷ್ಟು ದಿನ ಎಂಬ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಸ್ನಾಯುಗಳಿಗೆ ತಿಂಗಳುಗಳು ಬೇಕು, ಮೂಳೆ ಮತ್ತು ಟೆಂಡನ್‌ಗೆ ಇನ್ನೂ ಹೆಚ್ಚು. ಉಸಿರು ಚೆನ್ನಾಗಿದೆ ಎಂದು ಓಡಿಸಿ ಕಾಲು ಕಳೆದುಕೊಳ್ಳುವುದು ಈ ಅಂತರದಿಂದಲೇ. ಹವಾಮಾನದ ಲೆಕ್ಕವೂ ಉಪಯುಕ್ತ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಶೇಕಡಾ ಆರ್ದ್ರತೆ ಕೂಡಿಸಿ, 150 ದಾಟಿದರೆ ಬೆವರು ಆರುವುದು ತಡ, 180 ದಾಟಿದರೆ ಕೆಲಸವೇ ಬೇಡ. ಹಾಸನ ತಂಪು ಊರೆಂದು ನಂಬಿದವರು ಜೂನ್ ಮಧ್ಯಾಹ್ನ 80 ಡಿಗ್ರಿಗೆ ಶೇ. 85 ಆರ್ದ್ರತೆ ಕೂಡಿಸಿ ನೋಡಲಿ.

ಬೆನ್ನಿನ ವ್ಯಾಯಾಮಕ್ಕೆ ಕ್ಯಾರೆಟ್ ತೋರಿಸಿ ಕುತ್ತಿಗೆ ಬಗ್ಗಿಸುವ ಚಾಚುಗಳನ್ನು ಕಲಿಸುತ್ತಾರೆ: ಗಲ್ಲ ಎದೆಗೆ, ಮೊಣಕಾಲ ನಡುವೆ, ಫೆಟ್‌ಲಾಕ್ ನಡುವೆ, ಆಮೇಲೆ ಎಡಬಲಕ್ಕೆ ಜೀನುಪಟ್ಟಿ, ಪಕ್ಕೆ, ಹಿಂಗಾಲಿನ ಗಂಟಿನವರೆಗೆ. ಒಂದೊಂದೂ ಐದು ಸಲ, ಐದು ಸೆಕೆಂಡು ಹಿಡಿತ, ವಾರಕ್ಕೆ ಐದು ದಿನ. ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮವನ್ನು ಮೂರು ತಿಂಗಳು ಮಾಡಿಸಿದಾಗ ಬೆನ್ನುಮೂಳೆಗೆ ಅಂಟಿದ ಮಲ್ಟಿಫಿಡಸ್ ಸ್ನಾಯು ದಪ್ಪವಾಗಿತ್ತು. ಹೆಚ್ಚಿನವರು ಕ್ಯಾರೆಟನ್ನು ಬೇಗ ಬೇಗ ಎಳೆದಾಡಿಸಿ ಕುದುರೆ ಹಿಂದೆ ಸರಿಯುವಂತೆ ಮಾಡುತ್ತಾರೆ. ಹಿಂಭಾಗ ಗೋಡೆಗೆ ಇರಲಿ, ಕೈ ನಿಧಾನವಿರಲಿ, ಮೈ ತಣ್ಣಗಿರುವಾಗ ಬೇಡ.

ಕುದುರೆ ದಾಟಿ ಹೋಗಲು ನೆಲದಲ್ಲಿ ಸಾಲಾಗಿಡುವ ಕಂಬಗಳಿಗೆ ಅವರು ಬಳಸುವುದು ತೋಟದಿಂದ ಬಂದ ಸಿಲ್ವರ್ ಓಕ್ ಮರ. ನಡಿಗೆಗೆ ಸುಮಾರು 0.8 ಮೀಟರ್, ಟ್ರಾಟ್‌ಗೆ 1.2ರಿಂದ 1.4 ಮೀಟರ್ ಅಂತರ. ಕುದುರೆಯ ಹೆಜ್ಜೆ ನೋಡಿ ಹೊಂದಿಸಬೇಕು. ಕಂಬ ಗುಂಡಗಿರುವುದರಿಂದ ಗೊರಸು ತಾಗಿದರೆ ಉರುಳುತ್ತದೆ; ತುದಿಗಳನ್ನು ಕಚ್ಚು ಹಾಕಿದ ದಿಮ್ಮಿಯ ಮೇಲೆ ಕೂರಿಸಿದ್ದಾರೆ, ಹಾಗೆಯೇ ಮಾಡಬೇಕು. ಅಡಿಕೆ ದಬ್ಬೆ ಬಳಸುವ ಯೋಚನೆ ಇದ್ದವರು ಬಿಡಿ, ಸಿಬಿರು ಎದ್ದು ಕಾಲಿಗೆ ಚುಚ್ಚುತ್ತದೆ.

ಇನ್ನು ಎರಡನೇ ಹಂತ. ನಾಲ್ಕು ದಿನ ಯಂತ್ರಗಳದ್ದೇ ಜಾತ್ರೆ: ಲೇಸರ್, ಟೆನ್ಸ್ (ನೋವು ತಗ್ಗಿಸುವ ಸಣ್ಣ ವಿದ್ಯುತ್ ಮಿಡಿತ), ಚಿಕಿತ್ಸಾ ಅಲ್ಟ್ರಾಸೌಂಡ್, ಜೋರು ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್, ಕಾಂತಕ್ಷೇತ್ರದ ಕಂಬಳಿ. ಪ್ರತಿಯೊಂದರ ಗುಂಡಿ ಯಾವುದು ಎಂದು ಹೇಳುತ್ತಾರೆ, ಯಾವಾಗ ಬಳಸಬಾರದು ಎಂಬುದಕ್ಕೆ ಸಮಯ ಸಾಲುವುದಿಲ್ಲ. ಚಿಕಿತ್ಸಾ ಅಲ್ಟ್ರಾಸೌಂಡ್‌ಗೆ 1 ಮೆಗಾಹರ್ಟ್ಸ್ ತಲೆ (ಮೈಗೆ ಒತ್ತುವ ಭಾಗ) ಮಾತ್ರ ಇಟ್ಟಿದ್ದಾರೆ. ಅದು ನಾಲ್ಕೈದು ಸೆಂಟಿಮೀಟರ್ ಆಳದ ತೊಡೆ, ಬೆನ್ನಿನ ಸ್ನಾಯುವಿಗೆ ಸರಿ. ಚರ್ಮದ ಕೆಳಗೇ ಇರುವ ಟೆಂಡನ್ನಿಗೆ ಬೇಕಾದದ್ದು 3 ಮೆಗಾಹರ್ಟ್ಸ್. ಕೂದಲು ಬೋಳಿಸದೆ ಜೆಲ್ ಹಚ್ಚಿ ತೋರಿಸಿದ್ದೂ ತಪ್ಪು, ಕೂದಲ ನಡುವಿನ ಗಾಳಿ ಅಲೆಯನ್ನು ಒಳಗೆ ಬಿಡುವುದಿಲ್ಲ. ಶಾಕ್‌ವೇವ್ ಕೊಟ್ಟ ಮೇಲೆ ಕೆಲವು ದಿನ ನೋವು ಮಂಕಾಗಿರುತ್ತದೆ. ಆ ಸಮಯದಲ್ಲಿ ಕೆಲಸ ಏರಿಸಿದರೆ ಕುದುರೆ ದೂರುವುದಿಲ್ಲ, ಗಾಯ ಮಾತ್ರ ಬೆಳೆಯುತ್ತದೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವಾದ ಎಫ್‌ಇಐ ಸ್ಪರ್ಧೆಗೆ ಮುಂಚಿನ 5 ದಿನ ಅದನ್ನು ನಿಷೇಧಿಸಿರುವುದು ಇದಕ್ಕೇ. ಈ ಮಾತು ಪಾಠದಲ್ಲಿ ಬರಲೇ ಇಲ್ಲ. ನೀರಿನ ಟ್ರೆಡ್‌ಮಿಲ್ ಬದಲಿಗೆ ಇರುವ ಇಳಿಜಾರಿನ ಕಾಂಕ್ರೀಟ್ ತೊಟ್ಟಿ ಮಾತ್ರ ಮೆಚ್ಚುವಂಥದ್ದು. ನೀರು ಫೆಟ್‌ಲಾಕ್ ಮಟ್ಟದಲ್ಲಿದ್ದರೆ ಕುದುರೆ ಕಾಲನ್ನು ನೀರಿನ ಮೇಲೆತ್ತಿ ಇಡುತ್ತದೆ, ಗಂಟುಗಳು ಹೆಚ್ಚು ಮಡಚುತ್ತವೆ. ತೊಡೆಯವರೆಗೆ ಏರಿಸಿದರೆ ನೀರನ್ನು ತಳ್ಳುವ ಕೆಲಸ ಜಾಸ್ತಿ, ಹೆಜ್ಜೆ ನಿಧಾನ. ಊರ ಕೆರೆ ಇದಕ್ಕೆ ಬದಲಿಯಲ್ಲ. ತಳದ ಕೆಸರು ಗೊರಸನ್ನು ಹೀರಿ ಹಿಡಿದರೆ ಟೆಂಡನ್ನಿಗೆ ಎಳೆತ ಬೀಳುತ್ತದೆ.

ದೊಡ್ಡ ಕೊರತೆ ಮೇವಿನ ಪಾಠದ್ದು. ಕೈಪಿಡಿಯಲ್ಲಿರುವುದು ಟಿಮೊತಿ ಹುಲ್ಲು, ಬೀಟ್ ಪಲ್ಪ್. ಹಾಸನದಲ್ಲಿ ಸಿಗುವುದು ಹೈನುಗಾರಿಕೆಗೆ ಬೆಳೆದ ನೇಪಿಯರ್, ರಾಗಿ ಹುಲ್ಲು, ಹುರುಳಿ, ಗೋಧಿ ಬೂಸ. ದನಕ್ಕೆ ನೇಪಿಯರ್ ಒಗ್ಗುತ್ತದೆ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮುರಿಯುತ್ತವೆ. ಕುದುರೆಯಲ್ಲಿ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದು ಹೊರಗೆ ಒಯ್ಯುತ್ತದೆ. ಅದರ ಮೇಲೆ ರಂಜಕ ತುಂಬಿದ ಬೂಸ ಸುರಿದರೆ ಕೊರತೆ ಇಮ್ಮಡಿ. ದೇಹ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಇಂದು ಈ ಕಾಲು, ನಾಳೆ ಆ ಕಾಲು ಎಂದು ಕುಂಟು ಜಾಗ ಬದಲಿಸುತ್ತದೆ, ಕೊನೆಗೆ ಮುಖದ ಮೂಳೆ ಊದುತ್ತದೆ. ತರಬೇತಿಯಿಂದಾದ ಗಾಯವೆಂದು ತಿಂಗಳುಗಟ್ಟಲೆ ವಿಶ್ರಾಂತಿ ಕೊಟ್ಟರೂ ಇದು ಹೋಗುವುದಿಲ್ಲ. ನೇಪಿಯರ್ ಬಿಟ್ಟು ಬೇರೆ ಗತಿಯಿಲ್ಲದವರು ರಾಗಿ ಹುಲ್ಲನ್ನು ಬೆರೆಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸೇರಿಸಿ, ಬೂಸ ಕಡಿಮೆ ಮಾಡಿ, ವೈದ್ಯರು ಹೇಳಿದ ಅಳತೆಗೆ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿಯನ್ನು ಅದೇ ಮೇವಿಗೆ ಬೆರೆಸಬೇಕು. ವೀಳ್ಯದ ಸುಣ್ಣವಲ್ಲ, ಅದು ಬಾಯಿ ಸುಡುತ್ತದೆ.

ಪ್ರಮಾಣದಲ್ಲೂ ಹಸಿ ಒಣ ಲೆಕ್ಕ ಬಿಟ್ಟುಹೋಗಿದೆ. 450 ಕಿಲೋ ತೂಕದ ಕುದುರೆಗೆ ಒಣ ಲೆಕ್ಕದಲ್ಲಿ ದಿನಕ್ಕೆ 7ರಿಂದ 9 ಕಿಲೋ ಹುಲ್ಲು ಬೇಕು. ಹಸಿ ನೇಪಿಯರಿನ ಐದು ಪಾಲಿನಲ್ಲಿ ನಾಲ್ಕು ಪಾಲು ನೀರೇ ಆದ್ದರಿಂದ ಇಪ್ಪತ್ತು ಕಿಲೋ ಹಸಿರು ಹಾಕಿ ಹೊಟ್ಟೆ ತುಂಬಿತೆಂದು ಕೂರುವಂತಿಲ್ಲ. ಹುರುಳಿ ಬೇಯಿಸಿಯೇ ಕೊಡಬೇಕು, ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಬರುವ ಅಂಶವಿದೆ. ಗಾಯಗೊಂಡು ನಿಂತ ದಿನವೇ ಕಾಳನ್ನು ಇಳಿಸಬೇಕು. ಕೆಲಸವಿಲ್ಲದೆ ಪೂರ್ತಿ ಕಾಳು ತಿಂದ ಕುದುರೆಯನ್ನು ಮತ್ತೆ ಹೊರಗೆ ತಂದಾಗ ಹಿಂಭಾಗದ ಸ್ನಾಯು ಕಲ್ಲಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಹಾಗಾದಾಗ ನಡೆಸಲು ಹೋಗಬೇಡಿ, ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಗೊರಸಿಗೆ ಕೊಟ್ಟದ್ದು ಅರ್ಧ ದಿನ. ಲಾಳ ಹೊಡೆಯುವವರು ಬಲ್ಲವರೇ. ಮುಂತುದಿ ಉದ್ದ ಬೆಳೆದರೆ ಆಳದ ಟೆಂಡನ್ನಿಗೆ ಎಳೆತ ಹೆಚ್ಚು, ಐದಾರು ವಾರಕ್ಕೊಮ್ಮೆ ಲಾಳ ತೆಗೆದು ಕತ್ತರಿಸಲೇಬೇಕು ಎಂಬುದನ್ನು ಗೊರಸು ಹಿಡಿದೇ ತೋರಿಸಿದರು. ಹಿಮ್ಮಡಿ ಎತ್ತರಿಸುವ ಲಾಳ ಎಲ್ಲ ಟೆಂಡನ್ನಿಗೂ ಆರಾಮವಲ್ಲ, ಆಳದ ಟೆಂಡನ್ನಿಗೆ ಮಾತ್ರ ಎಂದದ್ದೂ ಮುಖ್ಯ.

ಪ್ರಮಾಣಪತ್ರದ ಬಗ್ಗೆ ಭ್ರಮೆ ಬೇಡ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ವೈದ್ಯರದ್ದು. ಈ ಕಾಗದ ಹಿಡಿದು ರೋಗ ನಿರ್ಧರಿಸುವುದು, ಗಂಟಿಗೆ ಇಂಜೆಕ್ಷನ್ ಕೊಡುವುದು ಸಾಧ್ಯವಿಲ್ಲ. ವೈದ್ಯರು ಬರೆದುಕೊಟ್ಟ ಕಾರ್ಯಕ್ರಮವನ್ನು ಅಕ್ಷರಶಃ ನಡೆಸಿಕೊಡಬಲ್ಲ ಕೈಯಾಗಿ ಹೊರಬರುತ್ತೀರಿ, ಲಾಯಗಳಿಗೆ ಸದ್ಯ ಬೇಕಾಗಿರುವುದೂ ಅದೇ.

ಊಟ, ವಸತಿ ಸಾಧಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಂಡಕ್ಕೆ ಸೇರಬೇಡಿ: ಕೆಂಪು ಮಣ್ಣಿನ ನಡಿಗೆ ದಾರಿ ಜಾರುತ್ತದೆ, ಹೊರಗಿನ ಪಾಠಗಳು ಶೆಡ್ಡಿನೊಳಗೆ ಬರುತ್ತವೆ, ಕುದುರೆಗಳ ಗೆಣ್ಣಿನ ಹಿಂದೆ ಕೆಸರಿನಿಂದ ಚರ್ಮ ಒಡೆದು ಬ್ಯಾಂಡೇಜ್ ಅಭ್ಯಾಸಕ್ಕೆ ಕಾಲು ಸಿಗುವುದಿಲ್ಲ, ಉಂಬಳದ ಕಾಟ ಬೇರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ದುಡ್ಡು ಕಟ್ಟುವ ಮುನ್ನ ಫೋನ್ ಮಾಡಿ ಎರಡು ವಿಷಯ ಕೇಳಿಕೊಳ್ಳಿ: ನಿಮ್ಮ ತಂಡದ ದಿನಗಳಲ್ಲಿ ಸ್ಕ್ಯಾನ್ ಯಂತ್ರದೊಂದಿಗೆ ವೈದ್ಯರು ಬರುತ್ತಾರೆಯೇ, ಮತ್ತು ಆರು ಕುದುರೆಗಳಲ್ಲಿ ಪುನಶ್ಚೇತನದ ನಡುಹಂತದಲ್ಲಿರುವವು ಎಷ್ಟು. ಆರೂ ಗಟ್ಟಿಮುಟ್ಟಾಗಿದ್ದರೆ ಮುಂದಿನ ತಂಡಕ್ಕೆ ಕಾಯಿರಿ.